ಕೆಮ್ಮಿಕೊಂಡು ಹೋಗಿ

ನನ್ನ ಅಕ್ಕನ ಮಗ ಬೆಂಗಳೂರಿನಿಂದ ಚಳ್ಳಕೆರೆಗೆ ಬಂದಿದ್ದ. ರಾತ್ರಿ ಊಟಕ್ಕೆ ಕೂತು ಮುದ್ದೆ ಮುರಿಯುತ್ತಾ, "ಮಾವ, ಹೋದ ತಿಂಗಳು ಜಾಂಬಿಯಾಕ್ಕೆ ಹೋಗಿದ್ದೆ. ವಾಕಿಂಗ್ ಸಫಾರಿ ಮಾಡ್ಕೊಂಡು ಬಂದೆ" ಅಂದ.

"ಹಂಗಂದ್ರೆ?"

"ಜೀಪಿಲ್ಲ, ಏನಿಲ್ಲ. ಸಿಂಹ, ಆನೆ, ಕಾಡೆಮ್ಮೆ ಇರೋ ಕಾಡಲ್ಲಿ ನಡ್ಕೊಂಡೇ ಹೋಗೋದು."

"ಅದಕ್ಕೆ ಅವರು ಎಷ್ಟು ಕೊಟ್ಟರು?"

ಮುದ್ದೆ ಅವನ ಗಂಟಲಲ್ಲಿ ನಿಂತಿತು. "ಅವರು ಕೊಡೋದಲ್ಲ ಮಾವ, ನಾವು ಕೊಡೋದು" ಅಂದವನೇ ಕೊಟ್ಟ ಮೊತ್ತ ಹೇಳಿದ. ಈ ಸಲ ಮುದ್ದೆ ನನ್ನ ಗಂಟಲಲ್ಲಿ ನಿಂತಿತು. ಸಾರು ಬಡಿಸುತ್ತಿದ್ದ ನನ್ನ ಹೆಂಡತಿ ಸೌಟನ್ನು ಹಾಗೇ ಹಿಡಿದು, "ಅಷ್ಟು ದುಡ್ಡಿಗೆ ಎರಡು ಬೋರ್‌ವೆಲ್ ಕೊರೆಸಬಹುದಿತ್ತಲ್ಲೋ" ಅಂದಳು. ನಮ್ಮ ಸೀಮೆಯಲ್ಲಿ ದೊಡ್ಡ ಮೊತ್ತವನ್ನೆಲ್ಲ ಬೋರ್‌ವೆಲ್ ಲೆಕ್ಕದಲ್ಲೇ ಅಳೆಯುವುದು. ಕೊರೆಸಿದ್ದರೆ ನೀರು ಬೀಳುತ್ತಿತ್ತೇ ಅನ್ನುವುದು ಬೇರೆ ಮಾತು.

ಅಳಿಯ ಬಿಡಲಿಲ್ಲ. ಜಾಂಬಿಯಾದ ಲುವಾಂಗ್ವಾ ಕಣಿವೆಯಲ್ಲಿ ನಾರ್ಮನ್ ಕಾರ್ ಎಂಬಾತ, ಒಂದು ಕಾಲಕ್ಕೆ ಆನೆ ಹೊಡೆಯುವ ಕೆಲಸದಲ್ಲಿದ್ದವನು, 1950ರ ದಶಕದಲ್ಲಿ ಈ ನಡಿಗೆಯನ್ನು ಶುರು ಮಾಡಿದನಂತೆ. ದಕ್ಷಿಣ ಆಫ್ರಿಕಾದ ಉಂಫೊಲೋಜಿಯಲ್ಲಿ ಇಯಾನ್ ಪ್ಲೇಯರ್ ಎಂಬವರು 1959ರಲ್ಲಿ ಜನರನ್ನು ಕಾಲ್ನಡಿಗೆಯಲ್ಲಿ ಕಾಡಿಗೆ ಕರೆದುಕೊಂಡು ಹೋದರಂತೆ. ಈಗ ಅದಕ್ಕೆ ಕಟ್ಟುನಿಟ್ಟಿನ ನಿಯಮಗಳಿವೆ. ಒಬ್ಬರ ಹಿಂದೊಬ್ಬರು ಸಾಲಾಗಿ ನಡೆಯಬೇಕು. ಮುಂದೆ ಬಂದೂಕು ಹಿಡಿದ ಕಾವಲುಗಾರ, ಅವನ ಹಿಂದೆ ಗೈಡು, ಅವನ ಹಿಂದೆ ದುಡ್ಡು ಕೊಟ್ಟವರು. ಗಾಳಿ ಎದುರಿನಿಂದ ಬೀಸುತ್ತಿರಬೇಕು. ಮಾತಾಡಬಾರದು. ಏನೇ ಎದುರಾದರೂ ಓಡಬಾರದು. ಇಷ್ಟಕ್ಕೂ ಮೊದಲು, ಹೆಚ್ಚುಕಡಿಮೆಯಾದರೆ ನಾವು ಹೊಣೆಯಲ್ಲ ಎಂಬ ಕಾಗದಕ್ಕೆ ಸಹಿ ಹಾಕಬೇಕು.

ಕೇಳುತ್ತಾ ಕೇಳುತ್ತಾ ನನಗೆ ಒಂಥರಾ ಸಂಕಟವಾಯಿತು. ಇದನ್ನೆಲ್ಲ ನಾನು ಅರವತ್ತು ವರ್ಷಗಳಿಂದ ಪುಕ್ಕಟೆಯಾಗಿ ಮಾಡಿಕೊಂಡು ಬಂದಿದ್ದೇನೆ! ಸಹಿ ಒಂದು ಹಾಕಿಲ್ಲ. ಮೊಳಕಾಲ್ಮೂರು ಸೀಮೆಯಲ್ಲಿ ಹುಟ್ಟಿದ್ದೇ ಸಹಿ ಹಾಕಿದಂತೆ.

ನಾನು ಹುಟ್ಟಿದ ಊರು ಗುಡ್ಡದ ಬುಡದಲ್ಲಿದೆ. ಗುಡ್ಡವೆಂದರೆ ಮಲೆನಾಡಿನವರು ಕಲ್ಪಿಸಿಕೊಳ್ಳುವ ಹಸಿರು ಗುಡ್ಡವಲ್ಲ. ಯಾರೋ ದೊಡ್ಡವರು ಮನೆ ಕಟ್ಟುತ್ತೇವೆಂದು ಗುಂಡುಗಳನ್ನು ಒಂದರ ಮೇಲೊಂದು ಪೇರಿಸಿ, ಆಮೇಲೆ ದುಡ್ಡು ಸಾಲದೆ ಬಿಟ್ಟುಹೋದಂತಿರುವ ಕಲ್ಲುಗುಡ್ಡ. ಆ ಗುಂಡುಗಳ ಸಂದಿಯಲ್ಲಿ ಕರಡಿಗಳ ವಾಸ, ಕೆಳಗಿನ ಹಟ್ಟಿಗಳಲ್ಲಿ ನಮ್ಮ ವಾಸ. ಮಧ್ಯೆ ಸೀತಾಫಲ, ಕಾರೆ, ಬಾರೆ ಗಿಡಗಳು. ಹಣ್ಣು ಇಬ್ಬರಿಗೂ ಬೇಕು, ಅಲ್ಲಿಗೆ ಹೋಗುವ ದಾರಿ ಒಂದೇ.

ನನ್ನ ಮೊದಲ ವಾಕಿಂಗ್ ಸಫಾರಿಗೆ ಗೈಡಾಗಿದ್ದವನು ನಮ್ಮಜ್ಜ. ಸಲಕರಣೆ ಒಂದು ಚೊಂಬು, ಒಂದು ಕಂದೀಲು. ಮನೆಯಲ್ಲಿ ಪಾಯಿಖಾನೆ ಇರಲಿಲ್ಲ, ಹಾಗಾಗಿ ಬೆಳಗಿನ ಜಾವ ಎದ್ದು ಊರಾಚೆ ಹೋಗಬೇಕು. ಅಜ್ಜ ಮುಂದೆ, ನಾನು ಹಿಂದೆ. ಅಲ್ಲೂ ಸಾಲಿನ ನಡಿಗೆಯೇ. ಆದರೆ ಆಫ್ರಿಕಾದ ಒಂದು ನಿಯಮವನ್ನು ಮಾತ್ರ ಅಜ್ಜ ಪೂರ್ತಿ ಮುರಿಯುತ್ತಿದ್ದ. ಮನೆ ಹೊಸಿಲು ದಾಟಿದ್ದೇ ಕೆಮ್ಮಲು ಶುರು. ಹತ್ತು ಹೆಜ್ಜೆಗೊಂದು ಕೆಮ್ಮು, ತಿರುವಿನಲ್ಲಿ ಎರಡು, ಗುಂಡಿನ ಮರೆ ಬಂದರೆ ಮೂರು, ಜೊತೆಗೆ ಕೋಲಿನಿಂದ ಕಲ್ಲಿಗೆ ಒಂದು ಏಟು. ಅಜ್ಜನಿಗೆ ದಮ್ಮಿನ ಕಾಯಿಲೆ ಎಂದು ನಾನು ತಿಳಿದಿದ್ದೆ. ಮನೆಯೊಳಗೆ ಆ ಕೆಮ್ಮು ಯಾಕೆ ಬರುವುದಿಲ್ಲ ಎಂದು ಕೇಳುವಷ್ಟು ಬುದ್ಧಿ ಆಗ ಇರಲಿಲ್ಲ.

ಅಜ್ಜಿಯ ವಿಧಾನ ಬೇರೆ. ಕತ್ತಲಾದ ಮೇಲೆ ಅವಳು ಕರಡಿ ಎಂಬ ಶಬ್ದವನ್ನೇ ಬಾಯಿಗೆ ತರುತ್ತಿರಲಿಲ್ಲ. "ಕಂಬಳಿಯೋನು ಕೆಳಗಿಳಿದವ್ನಂತೆ" ಅನ್ನುತ್ತಿದ್ದಳು. ಕಂಬಳಿ ನೇಯುವ ಚಳ್ಳಕೆರೆ ಸೀಮೆಯಲ್ಲಿ ಆ ಪ್ರಾಣಿಗೆ ಇದಕ್ಕಿಂತ ಒಪ್ಪುವ ಹೆಸರು ಸಿಗಲಾರದು. ಮೈತುಂಬ ಕಪ್ಪು ಕಂಬಳಿ, ಎದೆಯ ಮೇಲೆ ನಾಮದ ಹಾಗೆ ಬಿಳಿ ಗೆರೆ.

ನನ್ನ ಮೊದಲ ಕರಡಿ ಮಾತ್ರ ಗುಡ್ಡದಿಂದ ಇಳಿದದ್ದಲ್ಲ, ರಸ್ತೆಯಲ್ಲಿ ಬಂದದ್ದು. ಮೂಗಿಗೆ ಹಗ್ಗ, ಹಗ್ಗದ ತುದಿಯಲ್ಲಿ ಕರಡಿ ಆಡಿಸುವ ಕಲಂದರ್, ಅವನ ಕೈಯಲ್ಲಿ ಡಮರು. ಭಯ ಹೋಗಲೆಂದು ಮಕ್ಕಳನ್ನು ಕರಡಿಯ ಬೆನ್ನ ಮೇಲೆ ಕೂರಿಸುವ ರೂಢಿ ಆಗ ಇತ್ತು. ನನ್ನನ್ನೂ ಕೂರಿಸಿದರು. ಕೊರಳಿಗೆ ಅದರ ಕೂದಲಿನ ತಾಯಿತ ಕಟ್ಟಿದರು. ಭಯ ಹೋಗಲಿಲ್ಲ, ಅಲ್ಲೇ ಚಡ್ಡಿ ಒದ್ದೆಯಾಯಿತು. ಕರಡಿ ಮಾತ್ರ ಅಲುಗದೆ ನಿಂತಿತ್ತು. ಅಂಥ ಕರಡಿಗಳ ಹಲ್ಲು ಕಿತ್ತು, ಮೂತಿಗೆ ತೂತು ಕೊರೆದು ಕುಣಿಸುತ್ತಿದ್ದರು ಎಂದು ತಿಳಿದಾಗ ನನ್ನ ಮೀಸೆ ನರೆತಿತ್ತು. ಅವತ್ತು ಆ ಜಾಗದಲ್ಲಿ ನಿಜವಾಗಿ ಹೆದರಿದ್ದು ಯಾರು ಎಂದು ಈಗ ಅನಿಸುತ್ತದೆ. ದೇಶದ ಕೊನೆಯ ಕುಣಿಯುವ ಕರಡಿಯನ್ನು ಬನ್ನೇರುಘಟ್ಟದ ಪುನರ್ವಸತಿ ಕೇಂದ್ರಕ್ಕೆ ಸೇರಿಸಿದ್ದು 2009ರಲ್ಲಿ. ಪತ್ರಿಕೆಯಲ್ಲಿ ಅದನ್ನು ಓದಿದ ದಿನ ನಾನು ಸುಮ್ಮನೆ ಕೊರಳು ಮುಟ್ಟಿ ನೋಡಿಕೊಂಡೆ.

ಮುಂದೆ ನಾನು ಮೇಷ್ಟ್ರಾದೆ. ಕರಡಿ ಮತ್ತು ಇಬ್ಬರು ಗೆಳೆಯರ ಕಥೆಯನ್ನು ಅದೆಷ್ಟು ವರ್ಷ ಪಾಠ ಮಾಡಿದೆನೋ ಲೆಕ್ಕವಿಲ್ಲ. ಒಬ್ಬ ಮರ ಹತ್ತುತ್ತಾನೆ, ಇನ್ನೊಬ್ಬ ಸತ್ತವನಂತೆ ಮಲಗುತ್ತಾನೆ, ಕರಡಿ ಮೂಸಿ ನೋಡಿ ಹೋಗುತ್ತದೆ. ನೀತಿ: ಕಷ್ಟಕ್ಕಾದವನೇ ಗೆಳೆಯ. ಒಂದು ವರ್ಷ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದುನಿಂತ.

"ಸಾ, ಕರಡಿ ಮರ ಹತ್ತಲ್ವಾ ಸಾ?"

"ಕೂತ್ಕೋ."

"ನಮ್ಮ ತಾತ ನೋಡವ್ನೆ ಸಾ, ಜೇನು ಕೀಳಾಕೆ ಹತ್ತುತೈತಂತೆ."

ಕೂತ್ಕೊಳ್ಳೋ ಎಂದು ಗದರಿದೆ. ಹುಡುಗ ಕೂತ. ಆದರೆ ಆ ಪ್ರಶ್ನೆ ಮಾತ್ರ ನಿವೃತ್ತಿಯಾದ ಮೇಲೂ ನನ್ನೆದುರು ನಿಂತೇ ಇದೆ. ಕರಡಿ ಮರ ಹತ್ತುತ್ತದೆ. ಓಟದಲ್ಲಿ ನಮ್ಮನ್ನು ಸೋಲಿಸುತ್ತದೆ. 1791ರಲ್ಲಿ ಇಂಗ್ಲೆಂಡಿನಲ್ಲಿ ಕೂತು ಇದಕ್ಕೆ ಶಾಸ್ತ್ರೀಯ ಹೆಸರಿಟ್ಟ ಜಾರ್ಜ್ ಶಾ ಎಂಬ ವಿದ್ವಾಂಸ, ಉದ್ದನೆಯ ಉಗುರು ನೋಡಿ, ಇದು ದಕ್ಷಿಣ ಅಮೆರಿಕದ ಮರಗಳಲ್ಲಿ ಜೋತಾಡುವ ಸೋಮಾರಿ ಪ್ರಾಣಿ ಸ್ಲಾತ್‌ನ ಬಳಗ ಎಂದು ಭಾವಿಸಿದ. ಆ ತಪ್ಪಿನಿಂದ ಇವತ್ತಿಗೂ ಇಂಗ್ಲಿಷಿನಲ್ಲಿ ಅದು ಸ್ಲಾತ್ ಬೇರ್, ಅಂದರೆ ಸೋಮಾರಿ ಕರಡಿ. ಆ ಪಂಡಿತರು ಒಂದೇ ಒಂದು ಬೆಳಗಿನ ಜಾವ ನಮ್ಮಜ್ಜನ ಹಿಂದೆ ಚೊಂಬು ಹಿಡಿದು ಬಂದಿದ್ದರೆ ಹೆಸರು ಬದಲಾಗುತ್ತಿತ್ತು.

ಇನ್ನು ಕರಡಿಯ ಕೋಪ. ಹುಲಿ ಮನುಷ್ಯನನ್ನು ಕಂಡರೆ ಸಾಮಾನ್ಯವಾಗಿ ಸರಿದುಹೋಗುತ್ತದೆ, ಚಿರತೆ ಕಂಡೂ ಕಾಣದಂತೆ ಕೂತುಬಿಡುತ್ತದೆ. ಕರಡಿಗೆ ಆ ನಾಜೂಕಿಲ್ಲ. ಕಣ್ಣು ಮಂದ, ಕಿವಿಯೂ ಅಷ್ಟಕ್ಕಷ್ಟೆ, ಇರುವುದೆಲ್ಲ ಮೂಗು. ಆ ಮೂಗನ್ನೂ ಹುತ್ತದೊಳಗೆ ತೂರಿಸಿ ಗೆದ್ದಲು ಹೀರುತ್ತಾ ಮೈಮರೆತಿರುತ್ತದೆ. ಆಗ ನಾವು ಹತ್ತಡಿ ದೂರದಲ್ಲಿ ಪ್ರತ್ಯಕ್ಷರಾದರೆ ಅದಕ್ಕೆ ಎದೆ ಒಡೆದಂತಾಗುತ್ತದೆ. ಹುಲಿಗಳ ಜೊತೆ ಬಾಳಿ ಬದುಕಿದ ಜಾತಿ, ಹೆದರಿದರೆ ಓಡುವುದಕ್ಕಿಂತ ಮೇಲೆ ಬೀಳುವುದೇ ಅದಕ್ಕೆ ಅಭ್ಯಾಸ. ಬೆನ್ನ ಮೇಲೆ ಮರಿಗಳಿದ್ದರಂತೂ ಕೇಳುವುದೇ ಬೇಡ. ಎದ್ದು ನಿಂತು ಬೆರಳುದ್ದದ ಉಗುರಿನಲ್ಲಿ ಹೊಡೆಯುವುದು ನೇರ ಮುಖಕ್ಕೆ. ನಮ್ಮ ಕಡೆ ಸಂತೆಯಲ್ಲಿ ಟವೆಲಿನಿಂದ ಮುಖದ ಒಂದು ಭಾಗ ಮುಚ್ಚಿಕೊಂಡು ಕೂತವರು ಕಣ್ಣಿಗೆ ಬೀಳುತ್ತಾರೆ. ಏನಾಯಿತು ಎಂದು ಊರವರು ಯಾರೂ ಕೇಳುವುದಿಲ್ಲ. ಕೇಳುವವರು ಪರವೂರಿನವರೇ.

ಇದನ್ನು ಹೇಳಿದಾಗ ಅಳಿಯ ಗಂಭೀರನಾದ. "ಹಾಗಾದ್ರೆ ಯಾಕೆ ಮಾವ ಜನ ರಾತ್ರಿ ಹೊತ್ತು ಹೊಲಕ್ಕೆ ಹೋಗ್ತಾರೆ?"

ಒಳ್ಳೆಯ ಪ್ರಶ್ನೆ. ಚೊಂಬಿನ ಕಾಲ ಹೋಗಿ ಮನೆಮನೆಗೂ ಶೌಚಾಲಯ ಬಂತು. ಆದರೆ ಆ ಸಫಾರಿ ನಿಂತಿತು ಅನ್ನುವಷ್ಟರಲ್ಲಿ ಬೋರ್‌ವೆಲ್ ಸಫಾರಿ ಶುರುವಾಯಿತು. ತ್ರೀಫೇಸ್ ಕರೆಂಟು ಎಷ್ಟೋ ಸಲ ಬರುವುದೇ ಮಧ್ಯರಾತ್ರಿ. ನನ್ನ ತಮ್ಮ ಎರಡು ಗಂಟೆಗೆ ಎದ್ದು, ಒಂದು ಕೈಯಲ್ಲಿ ಟಾರ್ಚು, ಇನ್ನೊಂದು ಕೈಯಲ್ಲಿ ಮೊಬೈಲಿನಲ್ಲಿ ರಾಜ್‌ಕುಮಾರ್ ಹಾಡು ಜೋರಾಗಿ ಹಾಕಿಕೊಂಡು, ಶೇಂಗಾ ಹೊಲದ ಬದುವಿನ ಮೇಲೆ ಹೊರಡುತ್ತಾನೆ. ಶೇಂಗಾ ಕರಡಿಗೂ ಇಷ್ಟ. ಒಬ್ಬ ನೀರು ಕಟ್ಟಲು ಬರುತ್ತಾನೆ, ಇನ್ನೊಬ್ಬ ಕಾಯಿ ಕೀಳಲು ಬರುತ್ತಾನೆ. ಇಬ್ಬರನ್ನೂ ಒಂದೇ ಹೊತ್ತಿಗೆ ಹೊಲಕ್ಕೆ ಕರೆಸುವುದು ಕರೆಂಟು. ಜಗತ್ತಿನಲ್ಲೇ ಇಷ್ಟು ಸಮಯಪಾಲನೆಯ ಸಫಾರಿ ಇನ್ನೊಂದಿರಲಾರದು, ಗೈಡು ಮಾತ್ರ ಎಲ್ಲೋ ದೂರದ ಊರಿನ ಸ್ಟೇಷನ್ನಿನಲ್ಲಿ ಸ್ವಿಚ್ಚಿನ ಮುಂದೆ ಕೂತಿರುತ್ತಾನೆ.

ಕರಡಿಯೇನೂ ಹೊಲದಲ್ಲೇ ನಿಲ್ಲುವುದಿಲ್ಲ. ಚಳ್ಳಕೆರೆಗೆ ಎಣ್ಣೆ ನಗರಿ ಎಂದು ಹೆಸರು. ಶೇಂಗಾ ಎಣ್ಣೆ ಮಿಲ್ಲುಗಳು ಹಗಲೂ ರಾತ್ರಿ ತಿರುಗುತ್ತಿದ್ದ ಕಾಲದಲ್ಲಿ ಪೇಟೆಗೆ ಕಾಲಿಟ್ಟರೆ ಮೂಗಿಗೆ ಮೊದಲು ಎಣ್ಣೆ, ಆಮೇಲೆ ಊರು. ಆ ಎಣ್ಣೆಯ ರುಚಿ ಕರಡಿಗೂ ಹತ್ತಿದೆ. ನಮ್ಮ ಜಿಲ್ಲೆಯ ಪತ್ರಿಕೆಗಳಲ್ಲಿ ವರ್ಷಕ್ಕೊಮ್ಮೆಯಾದರೂ ಒಂದು ಸುದ್ದಿ ಬರುತ್ತದೆ: ರಾತ್ರಿ ದೇವಸ್ಥಾನದ ಬಾಗಿಲು ಮುರಿದು ದೀಪದ ಎಣ್ಣೆ ಕುಡಿದ ಕರಡಿ. ಶಿವಪೂಜೆಯಲ್ಲಿ ಕರಡಿ ಬಿಟ್ಟಂತೆ ಎಂಬ ಗಾದೆಯಲ್ಲಿರುವುದು ಪ್ರಾಣಿಯಲ್ಲ, ಕರಡೆ ಎಂಬ ವಾದ್ಯ ಎಂದು ಬಲ್ಲವರು ವಾದಿಸುತ್ತಾರೆ. ವಿದ್ವಾಂಸರು ಏನಾದರೂ ಹೇಳಲಿ. ನಮ್ಮ ಊರಿನ ಪೂಜಾರಪ್ಪನಿಗೆ ಆ ಗಾದೆಯಲ್ಲಿ ಯಾವ ಅನುಮಾನವೂ ಇಲ್ಲ. ಅವರು ಬೆಳಿಗ್ಗೆ ಗರ್ಭಗುಡಿ ತೆರೆಯುವ ಮುಂಚೆ ಗಂಟೆ ಬಾರಿಸುವುದು ದೇವರನ್ನು ಎಬ್ಬಿಸಲು ಎಂದು ಭಕ್ತರು ತಿಳಿದಿದ್ದಾರೆ.

"ಒಂದು ದಿನ ನಮ್ಮ ಗುಡ್ಡದಲ್ಲೂ ನಡೆಯೋಣ ಮಾವ" ಎಂದು ಅಳಿಯ ಹಟ ಹಿಡಿದ. ಮೀಸಲು ಅರಣ್ಯದೊಳಗೆ ಅನುಮತಿ ಇಲ್ಲದೆ ಕಾಲಿಡುವಂತಿಲ್ಲ. ಕರಡಿಯನ್ನು ಕ್ಷೇಮವಾಗಿ ನೋಡಬೇಕಾದರೆ ದರೋಜಿ ಇದೆ. ಬಳ್ಳಾರಿ ಸೀಮೆಯ ಆ ಕರಡಿಧಾಮ 1994ರಲ್ಲಿ ಆದದ್ದು. ಮಧ್ಯಾಹ್ನ ಬಂಡೆಗಳಿಗೆ ಬೆಲ್ಲ ಸವರಿ ಬರುತ್ತಾರೆ, ಕರಡಿಗಳು ಸಂಸಾರ ಸಮೇತ ಬಂದು ನೆಕ್ಕುತ್ತವೆ, ನಾವು ದೂರದ ಗೋಪುರದಿಂದ ನೋಡುತ್ತೇವೆ. ನಮ್ಮ ಮಗ್ಗುಲಲ್ಲೇ, ಒನಕೆ ಓಬವ್ವನ ತವರು ಎನ್ನುವ ಗುಡೇಕೋಟೆಯಲ್ಲಿ, 2013ರಲ್ಲಿ ಇನ್ನೊಂದು ಕರಡಿಧಾಮ ಆಗಿದೆ. ಅಳಿಯನಿಗೆ ಗೋಪುರ ಬೇಡ, ನಡೆಯಬೇಕು. ಕೊನೆಗೆ ಭಕ್ತರು ಓಡಾಡುವ ಜಟಿಂಗ ರಾಮೇಶ್ವರದ ಬೆಟ್ಟದ ದಾರಿಯೇ ಆಗಲಿ ಎಂದು ಒಪ್ಪಿದೆವು. ಗೈಡಾಗಿ ಒಬ್ಬ ಕಿಲಾರಿ ತಾತನನ್ನು ಕೇಳಿಕೊಂಡೆ.

ಕಿಲಾರಿ ಎಂದರೆ ದೇವರ ಎತ್ತುಗಳನ್ನು ಕಾಯುವವನು. ಮ್ಯಾಸಬೇಡರ ಹಟ್ಟಿಗಳಲ್ಲಿ ದೇವರ ಹೆಸರಿಗೆ ಬಿಟ್ಟ ದನಗಳ ಹಿಂಡುಗಳು ಇರುತ್ತವೆ. ಅವನ್ನು ನೊಗಕ್ಕೆ ಹೂಡುವುದಿಲ್ಲ. ಮೇವು ಇರುವ ಕಡೆ ಅವು ಹೋಗುತ್ತವೆ, ಅವು ಹೋದ ಕಡೆ ಕಿಲಾರಿ ಹೋಗುತ್ತಾನೆ. ಈ ತಾತ ಹೀಗೆ ಐವತ್ತು ವರ್ಷ ನಡೆದವರು. ಚಿರತೆ, ತೋಳ, ಕರಡಿಗಳ ಮಧ್ಯೆ ರಾತ್ರಿ ಬಯಲಲ್ಲೇ ಮಲಗಿದವರು. ಅವರ ಕೈಯಲ್ಲಿ ಬಂದೂಕಿಲ್ಲ, ಒಂದು ಕೋಲು, ಹೆಗಲ ಮೇಲೆ ಕಂಬಳಿ. ಈಗ ಹಿಂಡನ್ನು ಮೊಮ್ಮಗ ನೋಡಿಕೊಳ್ಳುತ್ತಾನೆ. ಮೊಮ್ಮಗ ಬಂದು ನನ್ನ ಕಾಲಿಗೆ ನಮಸ್ಕಾರ ಮಾಡಿದ. ಯಾರೆಂದು ನೋಡಿದರೆ ಹಿಂದಿನ ಬೆಂಚಿನ ಅದೇ ಹುಡುಗ! ನಾನು ಕರಡಿಯ ವಿಷಯ ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಗುರುಶಿಷ್ಯ ಸಂಬಂಧ ಉಳಿಯುವುದು ಹೀಗೆ.

"ಬೆಳಿಗ್ಗೆ ಐದಕ್ಕೆ ಹೊರಡೋಣ ತಾತ, ಆಫ್ರಿಕಾದಲ್ಲಿ ಹಂಗೇ ಮಾಡೋದು" ಅಂದ ಅಳಿಯ.

"ಆ ಹೊತ್ನಾಗೆ ಅದು ಡ್ಯೂಟಿ ಮುಗಿಸ್ಕಂಡು ಮನಿಗೆ ಹೋಗ್ತಿರ್ತೈತೆ ಕಣಪ್ಪಾ. ದಾರೀಲಿ ಸಿಕ್ರೆ ಅದಕ್ಕೂ ಬ್ಯಾಸರ, ನಮಗೂ ಬ್ಯಾಸರ. ಬಿಸ್ಲು ಬೀಳ್ಲಿ ತಡಿ."

ಬಿಸಿಲು ಬಿದ್ದ ಮೇಲೆ ಹೊರಟೆವು. ಕಾರ್ತಿಕದ ತೆಳುವಾದ ಚಳಿ. ತಂಗಡಿ ಹೂವು ಹಳದಿ ಚೆಲ್ಲಿತ್ತು. ಬೇಲಿಯ ಸಂದಿಯಿಂದ ಕೌಜುಗ ಕೂಗುತ್ತಿತ್ತು. ಜೀಪಿನಲ್ಲಿ ಕೂತಾಗ ಕಾಡು ನಮ್ಮ ಕಣ್ಣ ಮುಂದೆ ಹಾದುಹೋಗುತ್ತದೆ. ನಡೆಯುವಾಗ ಕಾಡಿನ ಕಣ್ಣ ಮುಂದೆ ನಾವು ಹಾದುಹೋಗುತ್ತೇವೆ. ಯಾರು ಯಾರನ್ನು ನೋಡಲು ಬಂದವರು ಎಂಬುದು ಅರ್ಧ ಗಂಟೆಯಲ್ಲಿ ತಿಳಿದುಹೋಗುತ್ತದೆ. ತಾತ ಬಗ್ಗಿ ನೆಲ ತೋರಿಸಿದರು. ಧೂಳಿನಲ್ಲಿ ಮಗುವಿನ ಪಾದದಂಥ ಗುರುತು, ಮುಂದೆ ಉಗುರಿನ ಗೀರು. ಸ್ವಲ್ಪ ಮುಂದೆ ಕರಡಿಯ ಲದ್ದಿ, ಅದರ ತುಂಬ ಬಾರೆ ಹಣ್ಣಿನ ಬೀಜ. "ರಾತ್ರಿ ಊಟ ಚೆನ್ನಾಗಾಗೈತೆ" ಅಂದರು, ನೆಂಟರ ಮನೆಯ ಸಮಾಚಾರ ಹೇಳುವ ದನಿಯಲ್ಲಿ.

ಅಳಿಯ ಆಫ್ರಿಕಾದಲ್ಲಿ ಕಲಿತ ಹಾಗೆ ಬೆಕ್ಕಿನ ಹೆಜ್ಜೆ ಇಡುತ್ತಿದ್ದ. ತಾತ ಮಾತ್ರ ಹತ್ತು ಹೆಜ್ಜೆಗೊಮ್ಮೆ ಕೆಮ್ಮುತ್ತಿದ್ದರು. ಆ ಕೆಮ್ಮು ಕೇಳಿ ನನಗೆ ಐವತ್ತೈದು ವರ್ಷದ ಹಿಂದಿನ ಕಂದೀಲು ಕಣ್ಣ ಮುಂದೆ ಅಲ್ಲಾಡಿತು. ಅದೇ ಲೆಕ್ಕ: ತಿರುವಿಗೆ ಎರಡು, ಗುಂಡಿನ ಮರೆಗೆ ಮೂರು.

"ತಾತ, ಹಿಂಗೆ ಕೆಮ್ಮಿದ್ರೆ ಪ್ರಾಣಿ ಓಡಿಹೋಗಲ್ವಾ?" ಅಂದ ಅಳಿಯ.

"ಹೋಗ್ಲಿ ಅಂತಲೇ ಕೆಮ್ಮಾದು."

"ಮತ್ತೆ ನಾವು ನೋಡೋದು ಹೆಂಗೆ?"

ತಾತ ನಿಂತು ಅವನನ್ನು ಮೇಲಿನಿಂದ ಕೆಳಗೆ ನೋಡಿದರು. "ಹೆಣ್ಮಕ್ಳು ನೀರು ಹಾಕ್ಕಳೋ ಬಚ್ಚಲ ಕಡೆ ಹೋಗ್ವಾಗ ಕೆಮ್ಮಿ ಹೋಗಲ್ವೇನಪ್ಪ ನೀವು? ಇದೂ ಅಂಗೇನೆ. ಅದರ ಮನೆ ಇದು. ನಾವು ಬತ್ತಾ ಇದೀವಿ ಅಂತ ಹೇಳ್ಬೇಕು. ಹೇಳಿದ್ರೆ ಅದು ಮರ್ವಾದಿ ಮಾಡ್ತೈತೆ."

ಕರಡಿಯ ಬಗ್ಗೆ ನಾನು ಓದಿದ ಯಾವ ಪುಸ್ತಕದಲ್ಲೂ ಇಷ್ಟು ಸರಳವಾಗಿ ಬರೆದಿರಲಿಲ್ಲ. ತೇಜಸ್ವಿ ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ನನ ಕಾಡಿನ ಕಥೆಗಳನ್ನು ಓದಿ ರಾತ್ರಿ ನಿದ್ದೆಗೆಟ್ಟವನು ನಾನು. ಅವೆಲ್ಲ ಸದ್ದಿಲ್ಲದೆ ಪ್ರಾಣಿಯ ಹತ್ತಿರ ಹೋದವರ ಕಥೆಗಳು. ಸದ್ದು ಮಾಡಿಕೊಂಡು ದೂರ ಉಳಿದವರ ಕಥೆಯನ್ನು ಯಾರು ಬರೆಯುತ್ತಾರೆ? ಏನೂ ಆಗದೆ ಮನೆಗೆ ಬಂದು ಮುದ್ದೆ ಉಂಡು ಮಲಗಿದವನ ಕಥೆಗೆ ಓದುಗರಿಲ್ಲ.

ಅರ್ಧ ಗುಡ್ಡ ಏರಿರಬೇಕು. ತಾತ ಥಟ್ಟನೆ ನಿಂತು ಕೈ ಎತ್ತಿದರು. ಎಡಗಡೆಯ ದೊಡ್ಡ ಗುಂಡಿನ ಹಿಂದಿನಿಂದ ಒಂದು ಸದ್ದು. ಕಮ್ಮಾರ ತಿದಿ ಒತ್ತಿದಂತೆ ಉಫ್ ಎಂದು ಊದುವುದು, ಮರುಕ್ಷಣ ಸೊರ್ರೆಂದು ಹೀರುವುದು. ಕರಡಿಗೆ ಮೇಲಿನ ಸಾಲಿನ ಮುಂದಿನ ಎರಡು ಹಲ್ಲು ಇರುವುದಿಲ್ಲ. ಆ ಸಂದಿಯಿಂದ ಮೊದಲು ಮಣ್ಣನ್ನು ಊದಿ, ಆಮೇಲೆ ಗೆದ್ದಲನ್ನು ಎಳೆದುಕೊಳ್ಳುತ್ತದೆ ಎಂದು ಓದಿದ್ದೆ. ಓದಿದ್ದು ಇಷ್ಟು ಹತ್ತಿರದಲ್ಲಿ ಕೇಳಿಸಬೇಕೆಂದೇನೂ ನಾನು ಹರಕೆ ಹೊತ್ತಿರಲಿಲ್ಲ. ಊರಿನ ಹೆಸರಲ್ಲೇ ಮೊಳಕಾಲು ಇರುವ ತಾಲ್ಲೂಕಿನಲ್ಲಿ ನನ್ನ ಎರಡೂ ಮೊಳಕಾಲು ಒಟ್ಟಿಗೆ ಕೈಕೊಟ್ಟವು. ಮೇಷ್ಟ್ರುಗಿರಿ, ಪಿಂಚಣಿ, ಅರ್ಧ ತೀರಿದ ಮನೆ ಸಾಲ ಯಾವುದೂ ನೆನಪಿಗೆ ಬರಲಿಲ್ಲ. ಮೈಯೆಲ್ಲ ಕಿವಿಯಾಗಿತ್ತು. ಬಾರೆ ಎಲೆಯೊಂದು ಬಿದ್ದ ಸದ್ದು ಕೇಳಿಸಿತು. ಕಾದ ಕಲ್ಲಿನ ವಾಸನೆ, ಕಂಬಳಿಯ ವಾಸನೆ, ನನ್ನದೇ ಬೆವರಿನ ವಾಸನೆ ಬೇರೆ ಬೇರೆಯಾಗಿ ಬಂದವು. ಎಷ್ಟು ವರ್ಷಗಳಾಗಿತ್ತು ಹೀಗೆ ಪೂರ್ತಿ ಎಚ್ಚರವಾಗಿ!

ತಾತ ನಿಧಾನವಾಗಿ, ಗಂಟಲು ಸರಿಮಾಡಿಕೊಳ್ಳುವ ಯಜಮಾನರ ಹಾಗೆ, ಒಂದು ಸಲ ಕೆಮ್ಮಿದರು.

ತಿದಿ ನಿಂತಿತು. ನಿಶ್ಶಬ್ದ. ಅಳಿಯ ನನ್ನ ತೋಳು ಹಿಡಿದಿದ್ದ. ಇಬ್ಬರು ಗೆಳೆಯರ ಕಥೆಯಲ್ಲಿ ನಾನು ಯಾರು, ಅವನು ಯಾರು ಎಂದು ಯೋಚಿಸುವಷ್ಟರಲ್ಲಿ ತಾತ ಇನ್ನೊಂದು ಸಲ ಕೆಮ್ಮಿದರು. ಹುಸ್ ಎಂದು ಒಂದು ಉಸಿರು. ಆಮೇಲೆ ಗಿಡಗಳು ಅಲ್ಲಾಡಿದವು, ಅಲ್ಲಾಟ ಮೇಲಕ್ಕೆ ಸರಿಯಿತು, ಎರಡು ಕಲ್ಲು ಉರುಳಿದವು, ಮುಗಿಯಿತು. ಒಂದು ಕೂದಲು ಕೂಡ ಕಾಣಲಿಲ್ಲ.

"ಕರಡೀನಾ ತಾತ?" ಅಳಿಯನ ದನಿ ಪಿಸುಗುಡುತ್ತಿತ್ತು.

"ನೋಡ್ಲಿಲ್ವಲ್ಲಪ್ಪ. ಹೆಂಗೆ ಹೇಳ್ಲಿ?" ಅಂದರು ತಾತ. "ಕಾಣ್ಲಿಲ್ಲ. ಒಳ್ಳೇದಾತು."

ಸ್ವಲ್ಪ ಹೊತ್ತು ಬಿಟ್ಟು ಗುಂಡಿನ ಹಿಂದೆ ಹೋಗಿ ನೋಡಿದೆವು. ಗಟ್ಟಿ ಹುತ್ತವೊಂದು ಅರ್ಧಕ್ಕೆ ಸೀಳಿತ್ತು. ಒಳಗಿನ ಮಣ್ಣು ಇನ್ನೂ ಹಸಿ, ಅಂಚಿನಲ್ಲಿ ಜೊಲ್ಲು. ಗೆದ್ದಲುಗಳು ಮನೆ ಬಿದ್ದವರ ಹಾಗೆ ಗಾಬರಿಯಿಂದ ಓಡಾಡುತ್ತಿದ್ದವು. ಅಳಿಯ ಫೋಟೊ ತೆಗೆಯಲು ಫೋನು ಎತ್ತಿದವನು ಯಾಕೋ ಜೇಬಿಗೆ ಹಾಕಿಕೊಂಡ. "ಅಲ್ಲಿ ಸಿಂಹಾನೇ ನೋಡಿದೆ ಮಾವ. ಇಷ್ಟು ಹತ್ತಿರ ಅನ್ನಿಸಿರಲಿಲ್ಲ" ಅಂದ.

ಮೇಲೆ ರಾಮೇಶ್ವರನ ಗುಡಿ. ಸೀತೆಯನ್ನು ಬಿಡಿಸಲು ಹೋಗಿ ರೆಕ್ಕೆ ಮುರಿದ ಜಟಾಯು ಬಿದ್ದ ಜಾಗ ಇದೇ ಎಂದು ನಮ್ಮವರ ನಂಬಿಕೆ. ಗುಡಿಯ ಹತ್ತಿರ ಬಳೆಗಾರರ ಗುಂಡು ಎನ್ನುವ ಬಂಡೆಯಿದೆ. ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹಾಕುತ್ತಿದ್ದ ಜಾಗ. ಅದರ ಮೇಲೆ ಸವೆದು ಸವೆದು ಉಳಿದಿರುವುದು ಅಶೋಕನ ಶಾಸನ. ಇದನ್ನೂ, ಹತ್ತಿರದ ಬ್ರಹ್ಮಗಿರಿ, ಸಿದ್ದಾಪುರಗಳ ಶಾಸನಗಳನ್ನೂ 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಗುರುತಿಸಿದರು. ತಂದೆತಾಯಿಯ ಮಾತು ಕೇಳಬೇಕು, ಶಿಷ್ಯರು ಗುರುಗಳನ್ನು ಗೌರವಿಸಬೇಕು, ಸತ್ಯ ಹೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು ಎನ್ನುವುದು ಈ ಸೀಮೆಯ ಬಂಡೆಗಳ ಮೇಲೆ ಅಶೋಕ ಬರೆಸಿದ ಮಾತಿನ ಸಾರ. ಅಲ್ಲಿಗೆ ಎರಡು ಸಾವಿರದ ಇನ್ನೂರು ವರ್ಷಗಳಿಂದ ಕರಡಿಯ ಮನೆಯ ಅಂಗಳದಲ್ಲೇ ಈ ಮಾತು ಇದೆ. ಕರಡಿಗೆ ಓದಲು ಬಾರದು. ನಮಗೆ ಬರುತ್ತದೆ, ಆದರೆ ಬಳೆ ವ್ಯಾಪಾರದ ಗಡಿಬಿಡಿ. ನಡುವೆ ಅದನ್ನು ಪಾಲಿಸುತ್ತಿದ್ದವರು ತಾತನಂಥ ಅಕ್ಷರ ತಿಳಿಯದವರೇ.

ಇಳಿಯುವಾಗ ತಾತ ಬಯಲಿನ ಕಡೆ ಕೋಲು ತೋರಿಸಿದರು. ಹಿಂದೆ ಅವರು ಹಿಂಡಿನ ಜೊತೆ ಚಳ್ಳಕೆರೆ ಸೀಮೆಯ ಅಮೃತ ಮಹಲ್ ಕಾವಲುಗಳ ತನಕ ನಡೆಯುತ್ತಿದ್ದರಂತೆ. ಮೈಸೂರಿನ ಅರಸರ ದನಗಳಿಗೆಂದು ಮೀಸಲಾಗಿದ್ದ, ಟಿಪ್ಪು ಹೆಸರಿಟ್ಟ ಆ ಹುಲ್ಲುಗಾವಲುಗಳಲ್ಲಿ ಕೃಷ್ಣಮೃಗಗಳು ದನಗಳ ಪಕ್ಕದಲ್ಲೇ ಮೇಯುತ್ತಿದ್ದವು. ಈಗ ಅಲ್ಲಿ ಸಾವಿರಾರು ಎಕರೆ ದೊಡ್ಡ ದೊಡ್ಡ ಸಂಶೋಧನ ಸಂಸ್ಥೆಗಳ ಪಾಲಾಗಿ ಗೋಡೆ ಎದ್ದಿದೆ. 2017ರಲ್ಲಿ ಪೈಲಟ್ ಇಲ್ಲದ ವಿಮಾನಗಳ ಪರೀಕ್ಷಾ ಕೇಂದ್ರ ಶುರುವಾಯಿತು. ದೇಶಕ್ಕೆ ಬೇಕಾದದ್ದೇ, ಬೇಡವೆನ್ನಲು ನಾನಾರು? ಆದರೆ ಮನುಷ್ಯನಿಲ್ಲದೆ ವಿಮಾನ ಹಾರುವ ಊರಿನಲ್ಲಿ, ಕಾಲಿದ್ದವನಿಗೆ ನಡೆಯುವ ದಾರಿ ಸಣ್ಣದಾಗಿದೆ. "ಗ್ವಾಡೆ ಮುಂದೆ ಕೆಮ್ಮಿದ್ರೆ ಯಾರು ಕೇಳ್ತಾರೆ ಮೇಷ್ಟ್ರೇ?" ಅಂದರು ತಾತ.

ಕೆಳಗೆ ಬಂದ ಮೇಲೆ ಅಳಿಯ ತಾತನ ಕೈಗೆ ಎರಡು ಸಾವಿರ ರೂಪಾಯಿ ಇಡಲು ಹೋದ. ತಾತ ಐವತ್ತು ರೂಪಾಯಿ ಮಾತ್ರ ಬೀಡಿಗೆ ಎಂದು ತೆಗೆದುಕೊಂಡು, ಉಳಿದದ್ದಕ್ಕೆ ದೇವರ ಎತ್ತುಗಳಿಗೆ ಮೇವು ಕೊಡಿಸು ಅಂದರು. "ನಾನೇನೂ ತೋರಿಸ್ಲಿಲ್ವಲ್ಲಪ್ಪ" ಅನ್ನುವುದು ಅವರ ಸಂಕೋಚ. ಆಫ್ರಿಕಾದಲ್ಲಿ ಪ್ರಾಣಿ ಕಾಣದಿದ್ದರೆ ಗಿರಾಕಿಗೆ ಬೇಸರ. ನಮ್ಮಲ್ಲಿ ಕಂಡರೆ ಆಸ್ಪತ್ರೆ. ತಾತ ಐವತ್ತು ವರ್ಷದಲ್ಲಿ ಎದುರೆದುರು ಕಂಡದ್ದು ಮೂರೇ ಸಲವಂತೆ. ಆ ಮೂರು ಸಲವೂ ನೆಗಡಿಯಾಗಿ ಗಂಟಲು ಕಟ್ಟಿತ್ತು ಎಂದು ಹೇಳಿ ನಕ್ಕರು. ನಿಜವೋ, ಚಳ್ಳಕೆರೆಯವರಿಗೇ ಚಳ್ಳೆಹಣ್ಣು ತಿನ್ನಿಸಿದರೋ ತಿಳಿಯಲಿಲ್ಲ.

ಅಳಿಯ ಬೆಂಗಳೂರಿಗೆ ಹೋದ. ಅಲ್ಲಿ ಅಪಾರ್ಟ್‌ಮೆಂಟಿನ ಲಿಫ್ಟಿನ ಬಾಗಿಲು ತೆರೆಯುವ ಮುಂಚೆ ಅವನು ಸಣ್ಣಗೆ ಕೆಮ್ಮುತ್ತಾನೆಂದು ಅವನ ಹೆಂಡತಿ ಫೋನಿನಲ್ಲಿ ದೂರಿದಳು. ಡಾಕ್ಟರಿಗೆ ತೋರಿಸಬೇಡಮ್ಮ, ಅದು ಒಳ್ಳೆಯ ಲಕ್ಷಣ ಅಂದೆ.

ನನ್ನ ತಮ್ಮ ಮೊನ್ನೆಯೂ ರಾತ್ರಿ ಎರಡಕ್ಕೆ ಎದ್ದು ಹೊಲಕ್ಕೆ ಹೋಗಿದ್ದ. ಆ ಕರೆಂಟನ್ನು ಹಗಲು ಹೊತ್ತಿಗೆ ಕೊಟ್ಟರೆ ನಮ್ಮ ಸೀಮೆಯ ಅರ್ಧ ಸಫಾರಿ ತಾನಾಗಿಯೇ ನಿಲ್ಲುತ್ತದೆ. ಅಲ್ಲಿಯವರೆಗೆ ನೀವು ನಮ್ಮ ಗುಡ್ಡಗಳ ಕಡೆ ಬಂದರೆ ಬಿಸಿಲು ಬಿದ್ದ ಮೇಲೆ ಬನ್ನಿ, ಒಬ್ಬರೇ ಬರಬೇಡಿ, ಊರಿನ ಒಬ್ಬ ಹಿರಿಯರನ್ನು ಮುಂದಿಟ್ಟುಕೊಳ್ಳಿ. ಕೆಮ್ಮಿಕೊಂಡು ಹೋಗಿ. ಏನೂ ಕಾಣದೆ ಹಿಂದಿರುಗಿದರೆ ಗೈಡಿಗೆ ಒಂದು ನಮಸ್ಕಾರ ಹೆಚ್ಚು ಹೇಳಿ.